ಕೈಗವಸು ಚೆಂದವೇ, ಆದರೆ ಬರಿಗೈ ಮುಚ್ಚೋಕಲ್ಲ!

ಮದುವೆ ಸೀಸನ್ ಬಂತೆಂದರೆ ಈ ಪುಟಕ್ಕೆ ಬರುವ ಪತ್ರಗಳ ಬಣ್ಣವೇ ಬದಲಾಗುತ್ತದೆ. ಬ್ಲೌಸಿನ ಕತ್ತು ಎಷ್ಟು ಆಳ ಇರಬೇಕು, ಇಳಕಲ್ ಸೀರೆಗೆ ಮುತ್ತಿನ ಸರ ಒಪ್ಪುತ್ತಾ, ಮೆಹಂದಿ ಕಡುಗೆಂಪಾಗಲು ಏನು ಹಚ್ಚಬೇಕು... ಇಂಥವೇ ಹೆಚ್ಚು. ಆದರೆ ಈ ಸಲ ರಬಕವಿಯಿಂದ ಬಂದ ಒಂದು ಪತ್ರ ಓದಿ ನಾವು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆವು.

ಬರೆದವರು ಗೃಹಿಣಿ. ಮಗಳಿಗೆ ಪುಣೆಯಲ್ಲಿ ಕೆಲಸ. ಜಮಖಂಡಿಯಲ್ಲಿ ಮದುವೆ. ಬೆಳಿಗ್ಗೆ ಅಕ್ಕಿಕಾಳು, ಸಂಜೆ ರಿಸೆಪ್ಶನ್. ಬೆಳಿಗ್ಗೆ ಸೀರೆಗೆ ಯಾರದೂ ತಕರಾರಿಲ್ಲ. ಸಂಜೆಗೆ ಮಾತ್ರ ಹುಡುಗಿ ಗೌನ್ ಹಾಕಿಕೊಳ್ಳುತ್ತಾಳಂತೆ, ಅದರ ಜೊತೆಗೆ ಮೊಣಕೈವರೆಗೆ ಬರುವ ಸ್ಯಾಟಿನ್ ಕೈಗವಸು! ತನಗಷ್ಟೇ ಅಲ್ಲ, ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳಿಗೆಲ್ಲ ಮ್ಯಾಚಿಂಗ್ ನೆಟ್ ಕೈಗವಸುಗಳನ್ನು ಮೊಬೈಲಿನಲ್ಲೇ ಆರ್ಡರ್ ಮಾಡಿ ತರಿಸಿದ್ದಾಳೆ. ‘ಗಾಡಿ ಹೊಡಿಯೂ ಮುಂದ ಹಾಕ್ಕೊಳ್ಳೂದು ಗೊತ್ತಿತ್ತು, ಮದುವ್ಯಾಗೂ ಹಾಕ್ಕೋತಾರೇನು?’ ಎಂದು ಅಜ್ಜಿ ನಕ್ಕಿದ್ದಾರೆ. ಇಲ್ಲಿಯವರೆಗೆ ಪತ್ರ ಓದಿ ನಾವೂ ನಕ್ಕೆವು.

ಆದರೆ ಪತ್ರದ ಕೊನೆಗೆ ನಾಲ್ಕು ಸಾಲು ಇದ್ದವು. ‘ಒಂದ್ ಜೋಡಿ ನನ್ನ ತಂಗಿಗೂ ತರಿಸ್ಯಾಳ್ರೀ. ತಂಗಿ ಗಂಡ ತೀರಿಕೊಂಡು ಮೂರು ವರ್ಷ ಆತು. ಚಿಗವ್ವನ ಬರೇ ಕೈ ಫೋಟೋದಾಗ ಚೊಲೋ ಕಾಣೂದಿಲ್ಲ, ಇದನ್ನ ಹಾಕ್ಕೊಂಡ್ರ ಯಾರಿಗೂ ಗೊತ್ತಾಗೂದಿಲ್ಲ ಅಂತಾಳ. ಪ್ರೀತಿಂದನ ತಂದಾಳ, ಸುಳ್ಳಲ್ಲ. ಆದ್ರ ನನ್ನ ತಂಗಿ ಆ ಪ್ಯಾಕೆಟ್ ನೋಡಿ ಏನೂ ಮಾತಾಡ್ಲಿಲ್ಲ. ಮದುವಿ ಬ್ಲೌಸೆಲ್ಲಾ ಹೊಲದಾಕಿ ಆಕೀನ. ನನಗ ಯಾಕೋ ಎದಿ ಚುರುಕ್ ಅಂತು. ಹಾಕ್ಕೋ ಅನ್ಲೋ, ಬ್ಯಾಡ ಅನ್ಲೋ, ನೀವ ಹೇಳ್ರಿ.’

ಹೇಳುತ್ತೇವೆ. ಆದರೆ ಮೊದಲು ಮದುಮಗಳ ಕೈಗವಸಿನ ವಿಷಯ ಮುಗಿಸೋಣ. ಅದಕ್ಕೂ ಇದಕ್ಕೂ ಸಂಬಂಧ ಇದೆ.

ಎಲ್ಲಿಂದ ಬಂತು ಈ ಶೋಕಿ?

ಪಾರ್ಟಿ ಉಡುಪಿನ ಜೊತೆ ಕೈಗವಸು ತೊಡುವುದು ಯುರೋಪಿನ ಹಳೆಯ ರೂಢಿ. ಅಲ್ಲಿ ಚಳಿ, ಹಾಗಾಗಿ ಮೊದಲು ಅದು ಅಗತ್ಯ. ಆಮೇಲೆ ಅಂತಸ್ತಿನ ಗುರುತು. ‘ನನ್ನ ಕೈಗೆ ಕೆಲಸವಿಲ್ಲ, ಕೊಳೆಯಾಗುವುದಿಲ್ಲ’ ಎಂದು ಬಾಯಿಬಿಟ್ಟು ಹೇಳುವ ಬದಲು ಬಿಳಿಯ ಕೈಗವಸು ಹಾಕಿಕೊಂಡರೆ ಸಾಕಿತ್ತು. ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ನೆನಪಿದ್ದಾರಲ್ಲ? 2022ರಲ್ಲಿ ತೀರಿಕೊಳ್ಳುವವರೆಗೂ ಸಾರ್ವಜನಿಕ ಸಮಾರಂಭಗಳಲ್ಲಿ ಅವರ ಕೈಗವಸು ತಪ್ಪುತ್ತಿದ್ದುದು ಕಡಿಮೆ. 1947ರಲ್ಲಿ ಅವರ ಮದುವೆಯ ಹೊತ್ತಿಗೆ ಕೈಗವಸು ಮಾಡಿಕೊಟ್ಟವರು ಕಾರ್ನೀಲಿಯಾ ಜೇಮ್ಸ್ ಎಂಬ ಮಹಿಳೆ. ವಿಯೆನ್ನಾದಿಂದ ಇಂಗ್ಲೆಂಡಿಗೆ ನಿರಾಶ್ರಿತೆಯಾಗಿ ಬಂದು, ಇದೇ ಕಸುಬಿನಿಂದ ಹೆಸರು ಮಾಡಿದವರು. ಇನ್ನು ಸಿನಿಮಾ ನೋಡುವವರಿಗೆ 1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ ಚಿತ್ರದ ಆಡ್ರೆ ಹೆಪ್‌ಬರ್ನ್ ಗೊತ್ತು. ಕಪ್ಪು ಗೌನು, ಮುತ್ತಿನ ಸರ, ಮೊಣಕೈ ದಾಟಿದ ಕಪ್ಪು ಕೈಗವಸು. ಇವತ್ತಿಗೂ ರಿಸೆಪ್ಶನ್ ಫೋಟೋಗಳಲ್ಲಿ ಹುಡುಗಿಯರು ಹುಡುಕುವುದು ಆ ಗತ್ತನ್ನೇ!

ನಮ್ಮ ನಾಡಿಗೂ ಇದು ತೀರಾ ಹೊಸದಲ್ಲ. ಚರ್ಚಿನಲ್ಲಿ ಬಿಳಿ ಗೌನಿನ ಜೊತೆ ಬಿಳಿ ಕೈಗವಸು ತೊಟ್ಟ ವಧುವನ್ನು ನೀವೂ ನೋಡಿರುತ್ತೀರಿ. ಹಾಗಾಗಿ ‘ಇದೆಂಥಾ ವೇಷ’ ಎಂದು ಮೂಗು ಮುರಿಯಬೇಕಾಗಿಲ್ಲ. ಮದುಮಗಳ ಆಸೆ, ಒಂದು ಸಂಜೆಯ ಮಾತು, ಹಾಕಿಕೊಳ್ಳಲಿ ಬಿಡಿ. ಆದರೆ ಹಾಕಿಕೊಳ್ಳುವ ಕ್ರಮ ಗೊತ್ತಿದ್ದರೆ ಚೆಂದ, ಇಲ್ಲದಿದ್ದರೆ ನಾಟಕದ ಕಂಪನಿಯಿಂದ ತಂದಂತೆ ಕಂಡೀತು!

ಹಾಕಿಕೊಳ್ಳುವವರಿಗೆ ಒಂದಿಷ್ಟು ಟಿಪ್ಸ್

• ಅಳತೆ: ಹೆಬ್ಬೆರಳು ಬಿಟ್ಟು, ಅಂಗೈ ಸುತ್ತ ಗೆಣ್ಣುಗಳ ಹತ್ತಿರ ಟೇಪ್ ಹಿಡಿಯಿರಿ. 7 ಇಂಚು ಬಂದರೆ ನಿಮ್ಮ ಸೈಜ್ 7. ಬೆರಳ ತುದಿಯಲ್ಲಿ ಬಟ್ಟೆ ಜೋತು ಬಿದ್ದರೆ ನೂರು ರೂಪಾಯಿಯದೂ ಒಂದೇ, ಸಾವಿರ ರೂಪಾಯಿಯದೂ ಒಂದೇ.

• ಉದ್ದ: ತೋಳು ಗಿಡ್ಡ ಇದ್ದಷ್ಟೂ ಕೈಗವಸು ಉದ್ದ ಇರಬೇಕು ಅನ್ನೋದು ಹಳೆಯ ನಿಯಮ. ಸ್ಲೀವ್‌ಲೆಸ್ ಗೌನಿಗೆ ಮೊಣಕೈ ದಾಟಿದ್ದು, ಮುಕ್ಕಾಲು ತೋಳಿಗೆ ಮಣಿಕಟ್ಟಿನದು. ಇದರ ಉದ್ದವನ್ನು ‘ಬಟನ್’ ಲೆಕ್ಕದಲ್ಲಿ ಹೇಳುತ್ತಾರೆ. ಹೆಬ್ಬೆರಳಿನ ಬುಡದಿಂದ ಮೇಲಕ್ಕೆ ಒಂದು ಬಟನ್ ಎಂದರೆ ಹೆಚ್ಚೂಕಡಿಮೆ ಒಂದು ಇಂಚು. 2 ಬಟನ್ ಮಣಿಕಟ್ಟಿಗೆ, 16 ಬಟನ್ ಮೊಣಕೈ ಮೇಲಕ್ಕೆ.

• ಸೀರೆಯ ಜೊತೆ: ಉದ್ದ ತೋಳಿನ ಬ್ಲೌಸ್, ಮೇಲೆ ಕೈತುಂಬ ಬಳೆ, ಅದರ ಕೆಳಗೆ ಕೈಗವಸು... ಇದು ಬೇಡ. ಮೂರೂ ಒಂದಕ್ಕೊಂದು ಜಗಳ ಆಡುತ್ತವೆ. ಸೀರೆಗೆ ಹಾಕಲೇಬೇಕೆಂದರೆ ಪ್ಲೇನ್ ಸೀರೆ, ಮಣಿಕಟ್ಟಿನವರೆಗಿನ ತೆಳು ನೆಟ್, ಅಷ್ಟೇ ಸಾಕು.

• ಒಡವೆ: ಉಂಗುರ ಒಳಗೆ, ಬ್ರೇಸ್‌ಲೆಟ್ ಬೇಕಾದರೆ ಹೊರಗೆ. ಎತ್ತರದ ಹರಳಿನ ಉಂಗುರ ಇದ್ದರೆ ಆ ದಿನ ತೆಗೆದಿಡಿ. ನೆಟ್ಟಿಗೆ ಸಿಕ್ಕಿ ಎಳೆ ಕೀಳುತ್ತದೆ.

• ಊಟ: ಕೈಗವಸು ಹಾಕಿಕೊಂಡು ತಿನ್ನುವುದು, ಕುಡಿಯುವುದು ಅದು ಹುಟ್ಟಿದ ಊರಲ್ಲೇ ಅಸಭ್ಯ. ಅಲ್ಲಿ ಉದ್ದನೆಯ ಕೈಗವಸಿಗೆ ಮಣಿಕಟ್ಟಿನ ಹತ್ತಿರ ಗುಂಡಿಗಳಿದ್ದ ಪುಟ್ಟ ಕಿಂಡಿ ಇಡುತ್ತಿದ್ದರು. ಪೂರ್ತಿ ಬಿಚ್ಚದೆ ಕೈಯನ್ನಷ್ಟೇ ಹೊರಗೆ ತೆಗೆಯಲು! ನಾವಂತೂ ಕೈಯಿಂದಲೇ ಉಣ್ಣುವವರು. ಹೋಳಿಗೆ ತುಪ್ಪಕ್ಕೆ ಕೂರುವ ಮೊದಲು ಬಿಚ್ಚಿ ಪರ್ಸಿನಲ್ಲಿಡಿ.

• ಬೆಂಕಿಯಿಂದ ದೂರ: ನೆಟ್, ಸ್ಯಾಟಿನ್ ಹೆಸರಲ್ಲಿ ಕಡಿಮೆ ಬೆಲೆಗೆ ಸಿಗುವುದು ಬಹುಪಾಲು ನೈಲಾನ್, ಪಾಲಿಯೆಸ್ಟರ್. ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಆರತಿ, ದೀಪ, ಸಮೆ ಬೆಳಗುವಾಗ, ಅಡುಗೆಮನೆಗೆ ಹೋಗುವಾಗ ಖಂಡಿತ ಬಿಚ್ಚಿ. ಇದನ್ನು ಮರೆಯಬೇಡಿ.

• ಸೆಕೆ: ನಮ್ಮ ಕಡೆ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಒಳಗೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿಕೊಳ್ಳಿ. ಮೆಹಂದಿ ಅದೇ ದಿನದ್ದಾದರೆ ಬಿಳಿ ಕೈಗವಸಿಗೆ ಕಲೆ ಗ್ಯಾರಂಟಿ.

• ಒಗೆಯುವುದು: ತಣ್ಣೀರು, ಮೃದು ಸೋಪು. ಹಿಂಡಬೇಡಿ. ಟವೆಲ್ ಮೇಲೆ ಹರವಿ ನೆರಳಲ್ಲಿ ಒಣಗಿಸಿ.

ಇಷ್ಟಾದರೆ ಮದುಮಗಳ ಕೈಗವಸಿನ ಕತೆ ಮುಗಿಯಿತು.

ಬಿಚ್ಚುವುದಕ್ಕೂ ಅರ್ಥ ಉಂಟು

ಇನ್ನೊಂದು ಸಂಗತಿ ಗಮನಿಸಿ. 1950ರ ದಶಕದಲ್ಲಿ ಯುರೋಪು, ಅಮೆರಿಕದ ಮರ್ಯಾದಸ್ಥ ಹೆಂಗಸು ಕೈಗವಸಿಲ್ಲದೆ ಚರ್ಚಿಗೆ, ಮದುವೆಗೆ, ಔತಣಕ್ಕೆ ಹೋಗುವುದೆಂದರೆ ನಾಲ್ಕು ಜನ ಆಡಿಕೊಳ್ಳುವ ಮಾತಾಗಿತ್ತು. ಯಾವ ಹೊತ್ತಿಗೆ ಯಾವ ಬಣ್ಣ, ಯಾವಾಗ ಬಿಚ್ಚಬೇಕು, ಯಾರಿಗೆ ಕೈ ಕೊಡುವಾಗ ಹಾಕಿರಬೇಕು ಎಂದು ಪುಸ್ತಕಗಟ್ಟಲೆ ನಿಯಮ. 1960ರ ದಶಕ ಮುಗಿಯುವ ಹೊತ್ತಿಗೆ ಆ ನಿಯಮಗಳೆಲ್ಲ ಸದ್ದಿಲ್ಲದೆ ಮಾಯ! ಆಕಾಶ ಕಳಚಿ ಬೀಳಲಿಲ್ಲ. ಯಾರ ಮನೆಯ ಮರ್ಯಾದೆಯೂ ಹೋಗಲಿಲ್ಲ. ಈಗ ಬೇಕಾದವರು ಹಾಕಿಕೊಳ್ಳುತ್ತಾರೆ, ಬೇಡವಾದವರು ಬಿಡುತ್ತಾರೆ.

ಕೆಲವೊಮ್ಮೆ ಕೈಗವಸು ಹಾಕದಿರುವುದೇ ದೊಡ್ಡ ಮಾತಾಗುತ್ತದೆ. 1987ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ಲಂಡನ್ನಿನ ಆಸ್ಪತ್ರೆಯೊಂದಕ್ಕೆ ಹೋಗಿ ಏಡ್ಸ್ ರೋಗಿಯ ಕೈ ಕುಲುಕಿದರು. ಮುಟ್ಟಿದರೇ ಬರುತ್ತದೆಂದು ಜನ ಹೆದರಿ ಸಾಯುತ್ತಿದ್ದ ಕಾಲ ಅದು. ಡಯಾನಾ ಕೈಗವಸು ಹಾಕಿರಲಿಲ್ಲ. ಆ ಒಂದು ಫೋಟೋ ನೂರು ಭಾಷಣ ಮಾಡುವ ಕೆಲಸ ಮಾಡಿತು.

ಅಂದರೆ ಏನಾಯಿತು? ಕೈಗೆ ಏನು ತೊಡುತ್ತೇವೆ, ಏನು ತೊಡುವುದಿಲ್ಲ ಅನ್ನುವುದು ಬರೀ ಫ್ಯಾಷನ್ ಅಲ್ಲ. ಯಾರು ನಮ್ಮವರು, ಯಾರನ್ನು ದೂರ ಇಟ್ಟಿದ್ದೇವೆ ಎಂಬುದನ್ನೂ ಅದು ಹೇಳುತ್ತದೆ. ಅಲ್ಲಿ ಕೈಗವಸು ಹೇಳುತ್ತಿದ್ದುದನ್ನು ನಮ್ಮಲ್ಲಿ ಬಳೆ ಹೇಳುತ್ತದೆ.

ನಮ್ಮ ಕೈಯ ಉಡುಗೆ

ನಮ್ಮಲ್ಲಿ ಸಮಾರಂಭಕ್ಕೆ ಕೈ ಸಿಂಗಾರ ಎಂದರೆ ಬಳೆಯೇ. ಅದು ಇವತ್ತು ನಿನ್ನೆಯದಲ್ಲ. ಮೊಹೆಂಜೊದಾರೊದಲ್ಲಿ 1926ರಲ್ಲಿ ಸಿಕ್ಕ ಕಂಚಿನ ‘ನರ್ತಕಿ’ ಬೊಂಬೆಯ ಚಿತ್ರವನ್ನು ನಿಮ್ಮ ಮಕ್ಕಳ ಇತಿಹಾಸದ ಪುಸ್ತಕದಲ್ಲಿ ನೋಡಿರುತ್ತೀರಿ. ಎತ್ತರ ಗೇಣಿಗಿಂತ ಕಡಿಮೆ, ಬರೀ ಹತ್ತೂವರೆ ಸೆಂಟಿಮೀಟರ್. ವಯಸ್ಸು ಮಾತ್ರ ಸುಮಾರು 4,500 ವರ್ಷ! ಆ ಹುಡುಗಿಯ ಎಡಗೈಗೆ ಮಣಿಕಟ್ಟಿನಿಂದ ತೋಳಿನ ಮೇಲಿನವರೆಗೂ ಸಾಲಾಗಿ ಬಳೆಗಳು. ದೂರದಿಂದ ನೋಡಿದರೆ ಉದ್ದನೆಯ ಕೈಗವಸು ಹಾಕಿದಂತೆಯೇ ಕಾಣುತ್ತಾಳೆ. ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತ ಠೀವಿ ನೋಡಿ, ‘ನಿನಗ ಮದುವಿ ಆಗೇದೇನವಾ?’ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಕ್ಕಿಲ್ಲ!

ನಮ್ಮ ಬದುಕಿನಲ್ಲೂ ಬಳೆ ಬರುವುದು ಗಂಡ ಬರುವುದಕ್ಕಿಂತ ಎಷ್ಟೋ ಮೊದಲು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಕೈಗೆ ಪುಟ್ಟ ಕರಿ ಬಳಿ. ಅಂಗನವಾಡಿಗೆ ಹೋಗುವಾಗ ಪ್ಲಾಸ್ಟಿಕ್ ಬಳಿ. ಜಾತ್ರೆಯಲ್ಲಿ ಅಳುತ್ತಾ ಕೊಡಿಸಿಕೊಂಡ ಗಾಜಿನ ಬಳಿ. ದೊಡ್ಡವಳಾದ ಮೇಲೆ, ‘ಎರಡು-ನಾಲ್ಕು ಕೊಡ್ರಿ, ಎರಡು-ಆರು ಸಡ್ಲ ಆಗ್ತಾವು’ ಎಂದು ಮುಧೋಳದ ಅಂಗಡಿಯಲ್ಲಿ ಚೌಕಾಸಿ. ಅಂದಹಾಗೆ ಈ ‘ಎರಡು-ನಾಲ್ಕು’ ಅಂದರೆ ಏನು ಗೊತ್ತೇ? ಬಳೆಯ ಒಳ ಅಗಲ ಎರಡು ಇಂಚು ಮತ್ತು ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ ಎರಡೂಕಾಲು ಇಂಚು. ಎರಡು-ಎಂಟು ಅಂದರೆ ಎರಡೂವರೆ ಇಂಚು. ಗಾಜಿನ ಬಳೆಗೆ ಹೆಸರಾದ ಊರು ಉತ್ತರ ಪ್ರದೇಶದ ಫಿರೋಜಾಬಾದ್. ಅಲ್ಲಿನ ಕುಲುಮೆಯಿಂದ ಹೊರಟ ಬಳೆ ಬೀಳಗಿಯ ಕುಬಸದ ಮನೆಯಲ್ಲಿ ಬಸುರಿ ಹೆಣ್ಣುಮಗಳ ಕೈಯಲ್ಲಿ ಹಸಿರಾಗಿ ಘಲ್ಲೆನ್ನುತ್ತದೆ.

ಇಷ್ಟೂ ಬಳೆಗಳಲ್ಲಿ ಗಂಡ ಕೊಡಿಸಿದವು ಎಷ್ಟು? ತವರಿನವರು ಇಡಿಸಿದವು, ಅಕ್ಕ-ತಂಗಿಯರು ಹಂಚಿಕೊಂಡವು, ತಾನೇ ಚಿಲ್ಲರೆ ಕೂಡಿಸಿ ಕೊಂಡವು ಎಷ್ಟು? ಲೆಕ್ಕ ಹಾಕಿ. ಆದರೂ ಆತ ಹೋದ ದಿನ ಎಲ್ಲವನ್ನೂ ಒಟ್ಟಿಗೆ ಒಡೆದುಹಾಕುತ್ತೇವೆ. ಒಡೆಯುವವರು ಯಾರು? ಬಹಳ ಮನೆಗಳಲ್ಲಿ ನಾವೇ, ಹೆಂಗಸರೇ!

ಬಳೆಗಾರರ ಮನೆಯ ಮಗ ಹೊಗಳಿದ್ದು ಯಾರನ್ನು?

‘ಇದು ಹಿಂದಿನಿಂದ ಬಂದದ್ದು’ ಎಂದು ಹೇಳುವ ಹಿರಿಯರಿಗೆ ನಮ್ಮ ಮುಧೋಳದ್ದೇ ಒಂದು ಹಳೆಯ ಕತೆ ನೆನಪಿಸಬಹುದು.

ಹತ್ತನೇ ಶತಮಾನದ ಮಹಾಕವಿ ರನ್ನ ನಮ್ಮ ಮುಧೋಳದವನು. ಹುಟ್ಟಿದ್ದು ಬಳೆಗಾರರ ಮನೆಯಲ್ಲಿ, ಬಳೆ ಮಾರುವುದೇ ಮನೆತನದ ಕಸುಬು. ಓದಿ, ಬರೆದು, ಚಾಲುಕ್ಯರ ಆಸ್ಥಾನದಲ್ಲಿ ‘ಕವಿಚಕ್ರವರ್ತಿ’ ಅನ್ನಿಸಿಕೊಂಡ. ಅವನ ಪ್ರಸಿದ್ಧ ಕಾವ್ಯಗಳಲ್ಲೊಂದು ಅಜಿತಪುರಾಣ, 993ರದು. ಅದನ್ನು ಬರೆಸಿದ್ದು ಯಾವ ರಾಜನೂ ಅಲ್ಲ, ಅತ್ತಿಮಬ್ಬೆ ಎಂಬ ಹೆಣ್ಣುಮಗಳು. ಅತ್ತಿಮಬ್ಬೆಯ ಗಂಡ ನಾಗದೇವ ಯುದ್ಧದಲ್ಲಿ ತೀರಿಕೊಂಡಿದ್ದ. ಅವನ ಇನ್ನೊಬ್ಬ ಹೆಂಡತಿ, ಅತ್ತಿಮಬ್ಬೆಯ ಒಡಹುಟ್ಟಿದ ತಂಗಿ ಗುಂಡಮಬ್ಬೆ, ಗಂಡನ ಜೊತೆ ಚಿತೆಯೇರಿದಳು. ಅತ್ತಿಮಬ್ಬೆ ಉಳಿದಳು. ಮಗನನ್ನು ಬೆಳೆಸಿದಳು. ಪೊನ್ನ ಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ, ಓಲೆಗರಿಯ ಮೇಲೆ, ಸಾವಿರ! ಲಕ್ಕುಂಡಿಯ ದೊಡ್ಡ ಬಸದಿಯನ್ನು ಕಟ್ಟಿಸಿದವಳೂ ಅವಳೇ. ‘ದಾನಚಿಂತಾಮಣಿ’ ಎಂದು ನಾಡು ಕರೆಯಿತು.

ಈ ಗಂಡನಿಲ್ಲದ ಹೆಣ್ಣುಮಗಳನ್ನು ರನ್ನ ತನ್ನ ಕಾವ್ಯದಲ್ಲಿ ಬಾಯ್ತುಂಬ ಹೊಗಳಿದ. ಅಷ್ಟಕ್ಕೇ ಬಿಡಲಿಲ್ಲ. ತನ್ನ ಮಗಳಿಗೆ ಇಟ್ಟ ಹೆಸರು ಏನು ಗೊತ್ತೇ? ಅತ್ತಿಮಬ್ಬೆ!

ಯೋಚಿಸಿ ನೋಡಿ. ಶುಭಕಾರ್ಯಕ್ಕೆ ಹೊರಟಾಗ ಎದುರಿಗೆ ಬಂದರೆ ‘ಅಪಶಕುನ’ ಎಂದು ನಾವು ಇವತ್ತು ಮುಖ ತಿರುಗಿಸುತ್ತೇವಲ್ಲ, ಅಂಥವಳೊಬ್ಬಳ ಹೆಸರನ್ನು ಸಾವಿರ ವರ್ಷದ ಹಿಂದೆ ಮುಧೋಳದ ಬಳೆಗಾರರ ಮನೆಯ ಮಗ ತನ್ನ ತೊಟ್ಟಿಲ ಕೂಸಿಗೆ ಇಟ್ಟಿದ್ದ. ನಾವು ಮುಂದೆ ಬಂದಿದ್ದೇವೋ, ಹಿಂದೆ ಹೋಗಿದ್ದೇವೋ?

ಹತ್ತಿರದಲ್ಲೇ ನಡೆದದ್ದು

ಬದಲಾವಣೆ ಎಲ್ಲೋ ಲಂಡನ್ನಿನಲ್ಲಷ್ಟೇ ಆಗುವುದಲ್ಲ. ಜಮಖಂಡಿಯ ಕಡೆ ಹರಿದು ಬರುವ ನಮ್ಮ ಕೃಷ್ಣೆ ಅದಕ್ಕೂ ಮೊದಲು ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕನ್ನು ದಾಟಿ ಬರುತ್ತಾಳೆ. ಆ ತಾಲೂಕಿನಲ್ಲಿ ಹೇರವಾಡ ಎಂಬ ಹಳ್ಳಿ. ಜಮಖಂಡಿಯನ್ನು ಆಳಿದ ಪಟವರ್ಧನರ ದಾಯಾದಿಗಳ ಕುರುಂದವಾಡ ಅದರ ಪಕ್ಕದಲ್ಲೇ ಇದೆ. 2022ರ ಮೇ ತಿಂಗಳಲ್ಲಿ ಹೇರವಾಡದ ಗ್ರಾಮ ಪಂಚಾಯಿತಿ ಒಂದು ಠರಾವು ಪಾಸು ಮಾಡಿತು. ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ, ಕಾಲುಂಗುರ ತೆಗೆಸುವುದು ನಮ್ಮೂರಲ್ಲಿ ಇನ್ನು ಬೇಡ ಎಂದು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಸುತ್ತೋಲೆ ಹೊರಡಿಸಿ, ಉಳಿದ ಗ್ರಾಮ ಪಂಚಾಯಿತಿಗಳೂ ಹೇರವಾಡದ ದಾರಿ ಹಿಡಿಯಲಿ ಎಂದು ಹೇಳಿತು.

ನಮ್ಮ ರಾಜ್ಯದಲ್ಲೂ ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ 2013ರಲ್ಲಿ ಗಂಡನನ್ನು ಕಳೆದುಕೊಂಡ ಇಬ್ಬರು ಮಹಿಳೆಯರನ್ನು ಅರ್ಚಕರನ್ನಾಗಿ ಮಾಡಲಾಯಿತು. ದೇವರಿಗೆ ಮಂಗಳಾರತಿ ಎತ್ತಬಹುದಾದ ಕೈ ಮದುಮಗಳಿಗೆ ಆರತಿ ಎತ್ತಿದರೆ ಏನು ಕೇಡು?

ಠರಾವು ಮಾಡಿದ ತಕ್ಷಣ ಎಲ್ಲರ ಮನಸ್ಸೂ ಬದಲಾಗುತ್ತದೆ ಎಂದು ನಾವು ಹೇಳುವುದಿಲ್ಲ. ಕಾಗದದ ಮೇಲಿನದು ಮನೆಯೊಳಗೆ ಬರಬೇಕಾದರೆ ಮನೆಯ ಹೆಂಗಸರೇ ಕೈ ಹಿಡಿದು ಕರೆತರಬೇಕು. ಅದಕ್ಕೆ ಮದುವೆಗಿಂತ ಒಳ್ಳೆಯ ಸಂದರ್ಭ ಯಾವುದಿದೆ?

ಈಗ ರಬಕವಿಯ ಅಕ್ಕಾರಿಗೆ

ಅಕ್ಕಾರ, ನಿಮ್ಮ ಎದೆ ಚುರುಕ್ ಅಂದದ್ದು ಸರಿಯೇ. ನಿಮ್ಮ ಮಗಳದೂ ತಪ್ಪಿಲ್ಲ. ಚಿಗವ್ವ ಮೂಲೆಯಲ್ಲಿ ಕೂರಬಾರದು, ಫೋಟೋದಲ್ಲಿ ಎಲ್ಲರ ಜೊತೆ ಇರಬೇಕು ಎಂಬುದು ಅವಳ ಆಸೆ. ಎಷ್ಟು ಜನ ಮಕ್ಕಳು ಅಷ್ಟಾದರೂ ಯೋಚಿಸುತ್ತಾರೆ ಹೇಳಿ? ಆದರೆ ದಾರಿ ತಪ್ಪಿದೆ. ಉಳಿದ ಹುಡುಗಿಯರಿಗೆ ಕೈಗವಸು ಶೋಕಿಗೆ, ಚಿಗವ್ವನಿಗೆ ಮಾತ್ರ ಮುಚ್ಚಿಡುವುದಕ್ಕೆ. ಅದೇ ನೆಟ್, ಅದೇ ಬಣ್ಣ ಇದ್ದರೂ ಹಾಕಿಕೊಳ್ಳುವವಳಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಆಕೆ ಸುಮ್ಮನಾದದ್ದು ಅದಕ್ಕೇ ಇರಬೇಕು. ಇಡೀ ಮದುವೆಯ ಬ್ಲೌಸುಗಳ ತೋಳು ಹೊಲಿದ ಕೈಗಳನ್ನು ಮುಚ್ಚಿಡುವುದೇ?

ಕೈ ಖಾಲಿ ಕಾಣುತ್ತದೆ ಎಂದರೆ ಮುಚ್ಚಬೇಡಿ, ತುಂಬಿ. ಹೇಗೆ ಎಂದು ಕೇಳುತ್ತೀರಾ?

• ಮೊದಲು ಆಕೆಯನ್ನೇ ಕೇಳಿ. ನಾಲ್ಕು ಜನರ ಮುಂದೆ ಅಲ್ಲ, ಇಬ್ಬರೇ ಇದ್ದಾಗ. ‘ನಿನಗ ಬಳಿ ಹಾಕ್ಕೋಬೇಕು ಅನಸ್ತದೇನು ತಂಗಿ?’ ಅಂತ ಅಷ್ಟೇ. ಉತ್ತರಕ್ಕೆ ಅವಸರ ಮಾಡಬೇಡಿ. ಮೂರು ವರ್ಷ ಯಾರೂ ಕೇಳದ ಪ್ರಶ್ನೆ ಅದು, ಸ್ವಲ್ಪ ಹೊತ್ತು ಬೇಕಾಗುತ್ತದೆ.

• ಬೇಡ ಎಂದರೆ ಬಿಟ್ಟುಬಿಡಿ. ತೆಗೆಸುವುದು ಹೇಗೆ ಒತ್ತಾಯವೋ, ಹಾಕಿಸುವುದೂ ಒತ್ತಾಯ ಆಗಬಾರದು. ಬರಿಗೈಯಲ್ಲೇ ಬಂದರೂ ಮುಂದಿನ ಸಾಲಿನಲ್ಲೇ ಕೂರಿಸಿ. ಬರಿಗೈ ನಾಚಿಕೆಯ ವಿಷಯವಲ್ಲ, ಅದನ್ನು ನಾಚಿಕೆ ಮಾಡಿದವರು ನಾವು.

• ಹ್ಞೂಂ ಎಂದರೆ ಮದುವೆಗೆ ಎಂಟು-ಹತ್ತು ದಿನ ಮೊದಲೇ ಜೊತೆಗೆ ಅಂಗಡಿಗೆ ಹೋಗಿ. ಬಣ್ಣ ಆಕೆಯೇ ಆರಿಸಲಿ. ಮನೆಯಲ್ಲಿ ನಾಲ್ಕು ದಿನ ಹಾಕಿಕೊಂಡು ರೂಢಿಯಾಗಲಿ. ಮದುವೆ ಮಂಟಪದಲ್ಲೇ ಮೊದಲ ಸಲ ಹಾಕಿದರೆ ಎಲ್ಲರ ಕಣ್ಣೂ ಕೈ ಮೇಲೆಯೇ ಬಿದ್ದು ಆಕೆಗೆ ಮುಜುಗರ ಆದೀತು.

• ಒಮ್ಮೆಲೇ ಡಜನ್ ಹಸಿರು ಗಾಜಿನ ಬಳೆ ಬೇಡ ಅನ್ನಿಸಿದರೆ ಎರಡೆರಡು ಲೋಹದ ಬಳೆ, ಇಲ್ಲವೇ ಬ್ಲೌಸಿನ ಅಂಚಿಗೆ ಒಪ್ಪುವ ರೇಷ್ಮೆ ದಾರದ ಬಳೆಯಿಂದ ಶುರು ಮಾಡಲಿ.

• ಮನೆಯ ಹಿರಿಯರಿಗೆ ಮುಂಚೆಯೇ ತಿಳಿಸಿ. ಕೇಳುವ ಧಾಟಿಯಲ್ಲಿ ಅಲ್ಲ, ಹೇಳುವ ಧಾಟಿಯಲ್ಲಿ. ‘ಅತ್ತೀ, ತಂಗಿ ಈ ಸಲ ಬಳಿ ಹಾಕ್ಕೋತಾಳ್ರೀ. ನೀವ ಮೊದಲ ಜೋಡಿ ಇಡಿಸಿದ್ರ ನಮಗೆಲ್ಲಾ ಸಮಾಧಾನ’ ಎನ್ನಿ. ಹಿರಿಯರ ಕೈಯಿಂದಲೇ ಆದರೆ ಉಳಿದವರ ಬಾಯಿ ತಾನಾಗಿ ಮುಚ್ಚುತ್ತದೆ. ಕೈಗವಸು ನೋಡಿ ನಕ್ಕ ಆ ಅಜ್ಜಿಯೇ ಇದಕ್ಕೆ ಸರಿಯಾದವರು ಅನ್ನಿಸುತ್ತದೆ!

• ಬಳೆಯೊಂದೇ ಸಾಲದು. ಉಡಿ ತುಂಬುವಾಗ, ಅರಿಷಿಣ ಹಚ್ಚುವಾಗ, ಆರತಿ ಎತ್ತುವಾಗ ಆಕೆಯ ಹೆಸರು ಹಿಡಿದು ಕರೆಯಿರಿ. ಬಳೆ ತೊಡಿಸಿ ಆಮೇಲೆ ‘ಮುತ್ತೈದೇರಷ್ಟ ಬರ್ರಿ’ ಎಂದರೆ ಅದು ಕೈಗವಸು ಹಾಕಿಸಿದ್ದಕ್ಕಿಂತ ಕೆಟ್ಟದ್ದು.

ಜನ ಏನಂತಾರೆ ಎನ್ನುತ್ತೀರಾ? ಅಂತಾರೆ, ಊಟ ಮುಗಿಯುವವರೆಗೆ. ಆಮೇಲೆ ಬಸ್ ಹಿಡಿಯುವ ಅವಸರ. ನಿಮ್ಮ ತಂಗಿ ಮಾತ್ರ ಆ ಕೈಗಳ ಜೊತೆ ದಿನಾ ಬದುಕಬೇಕಾದವಳು. ಮಿಷನ್ ತುಳಿಯುವಾಗ ಕಿಣಿಕಿಣಿ ಎಂದು ಕೇಳುವ ಸದ್ದು ಆಕೆಗೆ ಬೇಕೋ ಬೇಡವೋ ಎಂದು ನಿರ್ಧರಿಸಬೇಕಾದವಳೂ ಆಕೆಯೇ.

ಇನ್ನು ಆ ಕ್ರೀಮ್ ಬಣ್ಣದ್ದೋ ಬಿಳಿಯದೋ ನೆಟ್ ಕೈಗವಸು ಇದೆಯಲ್ಲ, ಅದನ್ನು ಎಸೆಯಬೇಡಿ. ರಿಸೆಪ್ಶನ್ ಮುಗಿದ ಮೇಲೆ ಹುಡುಗಿಯರೆಲ್ಲ ನಗುತ್ತಾ ಗುಂಪು ಫೋಟೋ ತೆಗೆಸಿಕೊಳ್ಳುವಾಗ ಚಿಗವ್ವನಿಗೂ ಮನಸ್ಸಾದರೆ ಹಾಕಿಕೊಂಡು ನಿಲ್ಲಲಿ. ಆಗ ಅದು ಅವರಿಗಿದ್ದಂತೆ ಆಕೆಗೂ ಬರೀ ಶೋಕಿ. ಶೋಕಿ ಮಾಡುವ ಹಕ್ಕೂ ಆಕೆಗಿದೆ!

ಓದುಗ ಗೆಳತಿಯರೇ, ಬನಹಟ್ಟಿಯಲ್ಲಿ ಮಗ್ಗಕ್ಕೆ ಕಂಡಿಕೆ ಸುತ್ತುವ ಕೈ, ಬೀಳಗಿಯಲ್ಲಿ ರೊಟ್ಟಿ ಬಡಿಯುವ ಕೈ, ಜಮಖಂಡಿಯ ಶಾಲೆಯಲ್ಲಿ ಬಿಸಿಯೂಟ ಬಡಿಸುವ ಕೈ... ಇವುಗಳಲ್ಲಿ ಎಷ್ಟು ಕೈಗಳು ಮದುವೆಮನೆಗೆ ಬಂದ ತಕ್ಷಣ ಸೆರಗಿನೊಳಗೆ ಸೇರಿಕೊಳ್ಳುತ್ತವೆ ಎಂದು ಮುಂದಿನ ಮದುವೆಯಲ್ಲಿ ಒಮ್ಮೆ ಕಣ್ಣಾಡಿಸಿ. ಹಾಗೆ ಕಂಡ ಒಂದು ಕೈಯನ್ನಾದರೂ ಹಿಡಿದು ಮುಂದಕ್ಕೆ ಕರೆದರೆ, ಅವತ್ತಿನ ನಿಮ್ಮ ಸಿಂಗಾರ ಸಾರ್ಥಕ. ಏನಂತೀರಿ?